ಮೊದಲ ಸಹಿ

ನ್ಯಾಯಬೆಲೆ ಅಂಗಡಿಗೆ ಎರಡು ಚೀಲ ಹಿಡಿದು ಹೋಗಿದ್ದ ಅಂಬುಜಮ್ಮ ಅರ್ಧ ಗಂಟೆಯೊಳಗೆ ವಾಪಸು ಬಂದಳು. ಖಾಲಿ ಚೀಲಗಳನ್ನು ಜಗಲಿಯ ಮೇಲೆ ಎಸೆದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಕಾರ್ಡೇ ರದ್ದಾಗೈತಂತೆ ಕಣೇ. ಬೆರಳು ಇಡಾಕೂ ಬುಡ್ಲಿಲ್ಲ ಅವನು."

ಸೊಸೆ ಮಮತಾ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಏಳೂಮುಕ್ಕಾಲಿಗೆ ಕೋಡಿಹಳ್ಳಿ ಸರ್ಕಲ್ಲಿಗೆ ಗಾರ್ಮೆಂಟ್ಸ್ ಗಾಡಿ ಬರುತ್ತದೆ. ಅದು ತಪ್ಪಿದರೆ ಅರ್ಧ ದಿನದ ಸಂಬಳ ಹೋದ ಹಾಗೆಯೇ.

"ಯಾಕಂತೆ ಅತ್ತೆ?"

"ಮನೇಲಿ ಯಾರೋ ಇನ್‌ಕಮ್ ಟ್ಯಾಕ್ಸ್ ಕಟ್ಟೋರು ಅವ್ರೆ ಅಂತ ಕಂಪ್ಯೂಟರಲ್ಲಿ ಬಂದೈತಂತೆ. ನಾನು ನಕ್ಕುಬುಟ್ಟೆ. ನಮ್ಮನೇಲಿ ಯಾರಪ್ಪ ಅಂತ ಸಾವ್ಕಾರ ಅಂದೆ. ಅನಂತನ ಹೆಸರು ತೋರ್ಸ್ದ."

ಅನಂತರಾಜು ಆ ಹೊತ್ತಿಗೆ ಸರಿಯಾಗಿ ತಲೆ ಒರೆಸಿಕೊಳ್ಳುತ್ತಾ ಬಚ್ಚಲಿಂದ ಹೊರಗೆ ಬಂದ. ಅಂಬುಜಮ್ಮನ ಕಿರಿಮಗ, ಮೂವತ್ಮೂರು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಮಮತಾ ಹೊಲಿಯಲು ಹೋಗುವ ಕನಕಪುರದ ಗಾರ್ಮೆಂಟ್ಸ್‌ನಲ್ಲೇ ಅವನು ಪ್ರೊಡಕ್ಷನ್ ಮ್ಯಾನೇಜರ್. ತಾಯಿ ಹೇಳಿದ್ದನ್ನು ಕೇಳಿ ಅವನಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಕಾರ್ ಲೋನಿಗೆ ರಿಟರ್ನ್ ಫೈಲ್ ಮಾಡಿಸ್ಬೇಕಾಗಿತ್ತು ಕಣವ್ವ, ಬ್ಯಾಂಕಿನೋರು ಕೇಳಿದ್ರು. ಹೋಗ್ಲಿ ಬುಡು. ಸೊಸೈಟಿ ಅಕ್ಕಿ ಉಣ್ಣೋ ಗತೀಲಿ ಇದ್ದೀವಾ ನಾವು?"

"ಇದ್ದೀವಿ," ಅಂದಳು ಮಮತಾ. "ನಿನ್ನೆ ನೀನು ಉಂಡಿದ್ದು ಅದೇ ಅಕ್ಕಿ ಅನಂತ."

ಅಂಬುಜಮ್ಮನಿಗೆ ಅಕ್ಕಿಗಿಂತ ದೊಡ್ಡ ಚಿಂತೆಯೊಂದು ಆಗ ಹೊಳೆಯಿತು. "ಹಂಗಾರೆ ನನ್ನ ಎರಡು ಸಾವ್ರ?"

"ಅದೂ ನಿಲ್ತದೆ," ಅಂದ ಅನಂತರಾಜು. "ನಾನು ಕೊಡ್ತೀನಿ ಬುಡವ್ವ. ಎರಡು ಸಾವ್ರ ಏನು ಮಹಾ."

ಗೃಹಲಕ್ಷ್ಮಿಯ ಆ ಹಣ ಅಂಬುಜಮ್ಮನ ಅರವತ್ತೆರಡು ವರ್ಷದಲ್ಲಿ ಯಾರನ್ನೂ ಕೇಳದೆ ಕೈಗೆ ಬಂದ ಮೊದಲ ದುಡ್ಡು. ಬಿಪಿ ಮಾತ್ರೆಗೆ, ಸಂಘದ ಕಂತಿಗೆ, ಮೊಮ್ಮಗಳ ಕೈಯಲ್ಲಿ ಒಂದು ನೋಟು ಇಡುವುದಕ್ಕೆ ಆಗುತ್ತಿತ್ತು. ಮಗನ ಕೈಯಿಂದ ಬರುವ ಎರಡು ಸಾವಿರ ಬೇರೆ, ಅದು ಬೇರೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಮಮತಾ ಡಬ್ಬಿ ಹಿಡಿದು ಸರ್ಕಲ್ಲಿಗೆ ಓಡಿದಳು. ಅವಳನ್ನು ದಾಟಿಕೊಂಡು ಅನಂತರಾಜುವಿನ ಬಿಳಿ ಕಾರು ಹೋಯಿತು. ಮ್ಯಾನೇಜರ್ ಕಾರಿನಿಂದ ಟೈಲರ್ ಇಳಿದರೆ ಚೆನ್ನಾಗಿರಲ್ಲ ಅತ್ತಿಗೆ, ನಾಕು ಜನ ಮಾತಾಡ್ತಾರೆ ಎಂದು ಕಾರು ತಂದ ವಾರವೇ ಅವನು ಹೇಳಿದ್ದ. ಅವತ್ತು ಅವಳು ಸರಿ ಎಂದಿದ್ದಳು.

ಮಗಳು ಧನುಶ್ರೀಗೆ ಮೂರು ವರ್ಷವಿದ್ದಾಗ ಮಮತಾ ಗಾರ್ಮೆಂಟ್ಸ್ ಸೇರಿದ್ದು. ಸೇರಿ ಈಗ ಹದಿನಾಲ್ಕು ವರ್ಷ. ಅನಂತರಾಜು ಡಿಪ್ಲೊಮಾ ಓದಿದ ಮೂರು ವರ್ಷವೂ ಅವನ ಫೀಸು ಹೋದದ್ದು ಅವಳ ಸಂಬಳದಿಂದ. ಓದು ಮುಗಿದ ಮೇಲೆ ಆಗಿನ ಇನ್‌ಚಾರ್ಜ್ ಮುಂದೆ ನಿಂತು, ನಮ್ಮ ಮೈದುನ ಸರ್, ಒಂದು ಕೆಲಸ ಕೊಡಿ ಎಂದು ಕೇಳಿದವಳೂ ಅವಳೇ. ಅವನು ಕ್ಲರ್ಕ್ ಆಗಿ ಸೇರಿದ, ಮೇಲೆ ಮೇಲೆ ಹೋದ. ಅವಳು ನಾಲ್ಕನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಲೇ ಉಳಿದಳು. ಇದನ್ನು ಅವಳು ಎಂದೂ ಆಡಿ ತೋರಿಸಿರಲಿಲ್ಲ. ಈಚೆಗೆ ಮಾತ್ರ ಅದು ಗಂಟಲವರೆಗೆ ಬಂದು ಬಂದು ಹೋಗುತ್ತಿತ್ತು.

ಹಿಂದಿನ ವರ್ಷ ಫಾರಿನ್ ಆರ್ಡರ್ ಪೂರ್ತಿ ನಿಂತುಹೋಗಿತ್ತು. ಎಂಟು ತಿಂಗಳು ವಾರಕ್ಕೆ ಮೂರೇ ದಿನ ಕೆಲಸ, ಮೂರೇ ದಿನದ ಸಂಬಳ. ಆ ವರ್ಷ ಏರಬೇಕಾಗಿದ್ದ ಡಿಎ, ಅಂದರೆ ತುಟ್ಟಿಭತ್ಯೆ, ಏರಲಿಲ್ಲ. ಆರ್ಡರ್ ಬಂದ ತಕ್ಷಣ ಬಾಕಿ ಸಮೇತ ಕೊಡುತ್ತೇವೆ ಎಂದು ಊಟದ ಹಾಲಿನಲ್ಲಿ ಮೈಕು ಹಿಡಿದು ಹೇಳಿದ್ದರು. ಆರ್ಡರ್ ಬಂತು. ಗಂಟೆಗೆ ಎಂಬತ್ತು ಪೀಸಿದ್ದ ಟಾರ್ಗೆಟ್ ನೂರಹತ್ತಕ್ಕೆ ಹೋಯಿತು. ಮೇಲೆ ಗಾಜಿನ ಹೊಸ ಆಫೀಸು ಎದ್ದಿತು. ಡಿಎ ಮಾತ್ರ ಬರಲಿಲ್ಲ, ಅದರ ಬದಲಿಗೆ ಒಂದು ಹಾಳೆ ಬಂತು.

ಕಾರ್ಡು ರದ್ದಾದ ದಿನವೇ ಆ ಹಾಳೆ ತಂದವನು ಅನಂತರಾಜು. ಕಾರ್ಖಾನೆಯ ಕಷ್ಟವನ್ನು ಅರಿತು ಬಾಕಿ ಡಿಎಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇವೆ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಒಂದರಿಂದ ಮೂವತ್ತೆಂಟರವರೆಗೆ ಖಾಲಿ ಗೆರೆಗಳಿದ್ದವು. ಅವನು ಅದನ್ನು ಮಮತಾಳ ಮಿಷನ್ ಮೇಲೆ ಇಟ್ಟ.

"ಓದಿ ಸೈನ್ ಹಾಕಿ," ಅಂದ. ಕಾರ್ಖಾನೆಯಲ್ಲಿ ಅವನು ಅತ್ತಿಗೆ ಎಂದು ಕರೆಯುತ್ತಿರಲಿಲ್ಲ.

"ಓದ್ದೆ. ಹಾಕಲ್ಲ."

ಪಕ್ಕದ ಮಿಷನ್ನಿನ ಯಾಸ್ಮಿನ್ ಕಾಲು ಪೆಡಲ್ ಮೇಲಿಂದ ತೆಗೆದಳು. ಹಿಂದೆ ಕೂತಿದ್ದ ಮಾಯಮ್ಮ, ಲೈನಿಗೆಲ್ಲ ಹಿರಿಯಳು, ಬಗ್ಗಿ ಕೇಳಿದಳು. "ಏನಂತೆ ಮಮತಾ?"

"ನಮ್ಮ ದುಡ್ಡು ನಾವೇ ಬ್ಯಾಡ ಅಂದಂಗೆ ಬರ್ಕೊಡ್ಬೇಕಂತೆ."

"ಅವ್ರು ಹಾಕ್ದಿದ್ರೆ ನಾವೂ ಹಾಕಲ್ಲ ಸರ್," ಅಂದಳು ಯಾಸ್ಮಿನ್. ಅನಂತರಾಜು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಅದು ಆ ಲೈನಿನಲ್ಲಿ ಎಲ್ಲರೂ ನೋಡುವಂತೆ ನಡೆದಿದ್ದರಿಂದ ಅವನ ಕಿವಿ ಕೆಂಪಾಗಿತ್ತು.

ಅವತ್ತು ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತರು. ಮುದ್ದೆ, ಉಪ್ಸಾರು, ಅಂಗಡಿಯಿಂದ ಐವತ್ತೆರಡು ರೂಪಾಯಿಯಂತೆ ತಂದ ಅಕ್ಕಿಯ ಅನ್ನ. ಮಾವ ಬೋರಲಿಂಗಯ್ಯ, ಗಂಡ ಲೋಕೇಶ್, ಮೈದುನ ಒಂದು ಸಾಲಿನಲ್ಲಿ. ಧನುಶ್ರೀ ಅಜ್ಜಿಯ ಪಕ್ಕ. ಮಮತಾ ಬಡಿಸುತ್ತಿದ್ದಳು.

"ಅತ್ತಿಗೆ, ನಾಲ್ಕನೇ ಲೈನು ನಿಮ್ಮ ಮುಖ ನೋಡ್ತಾ ಐತೆ," ಅಂದ ಅನಂತರಾಜು. "ನೀವು ಒಂದು ಸೈನ್ ಹಾಕ್ಬುಟ್ರೆ ಮಿಕ್ಕಿದ್ದು ತಾನಾಗೇ ಆಯ್ತದೆ. ಕಂಪನಿ ಈಗ ತಾನೇ ಚೇತರಿಸ್ಕೊತಾ ಐತೆ."

"ಚೇತರಿಸ್ಕೊಂಡೇ ಗಾಜಿನ ಆಫೀಸು ಕಟ್ಸಿದ್ರಾ?"

"ಅದು ಬಯರ್‌ಗಳು ಬಂದಾಗ ಕೂರ್ಸೋಕೆ."

"ನಾನು ಕೂರೋ ಸ್ಟೂಲಿನ ಕಾಲು ಮುರ್ದು ಎರಡು ತಿಂಗಳಾಯ್ತು. ಆ ಎಂಟು ತಿಂಗಳು ನಿನ್ನ ಸಂಬಳ ಎಷ್ಟು ಕಮ್ಮಿ ಆಯ್ತು ಅನಂತ? ಹೇಳು, ಎಲ್ರೂ ಅವ್ರೆ."

ಅನಂತರಾಜು ಮುದ್ದೆ ಮುರಿದ. "ನಮ್ದು ಸ್ಟಾಫ್ ಸಂಬಳ. ಅದು ಬೇರೆ."

"ಕಷ್ಟ ಬಂದಾಗ ನಮಗೂ ಪಾಲು ಕೊಟ್ರಿ. ಈಗ ಬಂದಿರೋದ್ರಲ್ಲಿ ಪಾಲಿಲ್ವಾ?"

"ಉಣ್ಣೋವಾಗ ಕಾರ್ಖಾನೆ ಮಾತು ಬ್ಯಾಡ," ಅಂದ ಬೋರಲಿಂಗಯ್ಯ.

"ಹಂಗಲ್ಲಪ್ಪ," ಅಂದ ಅನಂತರಾಜು, ಸ್ವರ ಏರಿಸಿ. "ಎಲ್ಲಾ ನಮಗೇ ಬರ್ಲಿ ಅಂದ್ರೆ ಹೆಂಗೆ? ನಾನು ಟ್ಯಾಕ್ಸ್ ಕಟ್ಟೋನು. ನಮ್ಮಂತೋರು ಕಟ್ಟೋ ದುಡ್ಡಲ್ಲೇ ಇವ್ರಿಗೆ ಫ್ರೀ ಬಸ್ಸು, ಫ್ರೀ ಅಕ್ಕಿ, ಅವ್ವಂಗೆ ಎರಡು ಸಾವ್ರ. ಒಂದು ದಿನಾನಾರ ಯಾರಾದ್ರೂ ನೆನೆಸ್ಕೊಂಡವ್ರಾ?"

ಮಮತಾ ಸೌಟು ಕೆಳಗಿಟ್ಟಳು. "ಧನು, ನಿನ್ನ ಶೂ ತಂದ ಬಿಲ್ ಎಲ್ಲೈತೆ? ತಕೊಂಬಾ."

ಧನುಶ್ರೀ ಕನಕಪುರದಲ್ಲಿ ಎರಡನೇ ಪಿಯುಸಿ ಕಾಮರ್ಸ್ ಓದುತ್ತಿದ್ದಳು. ಎಡಗೈಯಲ್ಲಿ ಬಿಲ್ ತಂದು ನಿಂತಳು. "ಸಿಜಿಎಸ್‌ಟಿ ಅಂತ ಒಂದು ಸಲ ಹಿಡ್ದವ್ರೆ, ಎಸ್‌ಜಿಎಸ್‌ಟಿ ಅಂತ ಇನ್ನೊಂದು ಸಲ," ಎಂದು ಓದಿದಳು.

"ಸೋಪಿನ ಮೇಲೆ?"

"ಅದ್ರಲ್ಲೂ ಐತಮ್ಮ. ಎಣ್ಣೆ, ಬಿಸ್ಕತ್ತು, ಫೋನ್ ಕರೆನ್ಸಿ, ಎಲ್ಲದ್ರಲ್ಲೂ."

"ನೋಡಪ್ಪ, ನಾನೂ ಕಟ್ತೀನಿ," ಅಂದಳು ಮಮತಾ. "ನಿನಗೆ ಹತ್ತು ರೂಪಾಯಿ ಬಿಸ್ಕತ್ತಿಗೆ ಎಷ್ಟು ಟ್ಯಾಕ್ಸೋ ನನಗೂ ಅಷ್ಟೇ. ನೀನು ತರೋದು ಎಪ್ಪತ್ತು ಸಾವ್ರ, ನಾನು ತರೋದು ಹನ್ನೆರಡು. ಅದರೊಳಗೆ ನೀನು ಮನೆಗೆ ಕೊಡೋದು ಐದು, ನಾನು ಕೊಡೋದು ಹನ್ನೆರಡೂ."

ಅನಂತರಾಜು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂಬುಜಮ್ಮ ಸೊಸೆಯತ್ತ ತಿರುಗಿದಳು. "ದುಡಿದು ಬಂದ ಮಗೀನ ಅರ್ಧ ಊಟದಲ್ಲಿ ಎಬ್ಬಿಸ್ದೆ."

"ನಾನೂ ದುಡಿದೇ ಬಂದಿದ್ದೀನಿ ಅತ್ತೆ. ನಾನಿನ್ನೂ ಉಂಡೇ ಇಲ್ಲ."

ಲೋಕೇಶ್ ಇಷ್ಟೂ ಹೊತ್ತು ತಲೆ ಎತ್ತಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಯ ಹಿಂದಿನ ರೇಷ್ಮೆ ಹುಳದ ಶೆಡ್ಡು, ಇಷ್ಟೇ ಅವನ ಲೋಕ. ಶೆಡ್ಡಿನ ಶೀಟು ಸೀಳಿ ಮಳೆ ನೀರು ಒಳಗೆ ಬೀಳುತ್ತಿತ್ತು. ಎರಡು ವರ್ಷದಿಂದ ಪ್ಲಾಸ್ಟಿಕ್ ಹೊದಿಸಿ ಕಾಲ ತಳ್ಳುತ್ತಿದ್ದ.

ಮುಂದಿನ ವಾರ ಮಮತಾ ಗುರುವಾರ, ಶುಕ್ರವಾರ ಎರಡು ದಿನ ರಜ ಹಾಕಿದಳು. ಶುಕ್ರವಾರ ಹುಳ ಗೂಡು ಕಟ್ಟುವಷ್ಟು ಹಣ್ಣಾಗುವುದಿತ್ತು, ಅದಕ್ಕೆ ಮೊದಲು ಕಾರ್ಡಿನ ವಿಷಯಕ್ಕೆ ತಾಲ್ಲೂಕು ಕಚೇರಿಗೆ ಹೋಗಬೇಕಾಗಿತ್ತು. ಅತ್ತೆಗೆ ಒಬ್ಬಳೇ ಹೋಗಿ ಮಾತಾಡಲು ಬರುತ್ತಿರಲಿಲ್ಲ. ರಿಟರ್ನಿನ ಪ್ರತಿ ಬೇಕಾಗಬಹುದು ಎಂದು ಅನಂತರಾಜು ಒಂದು ಲಕೋಟೆ ಕೊಟ್ಟಿದ್ದ. ಧನುಶ್ರೀ ಕಾಲೇಜು ಬಿಟ್ಟು ಜೊತೆಗೆ ಬಂದಳು.

ಕಚೇರಿಯ ಗುಮಾಸ್ತ ಕಂಪ್ಯೂಟರ್ ನೋಡಿ ಹೇಳಿದ. "ಇವರ ಹೆಸರು ಇದೇ ಕಾರ್ಡಲ್ಲಿ ಇರೋವರೆಗೂ ಏನೂ ಮಾಡೋಕಾಗಲ್ಲಮ್ಮ. ಇವರ ಹೆಸರು ತೆಗೆಸಿ, ಬೇರೆ ಸಂಸಾರ ಅಂತ ಅರ್ಜಿ ಕೊಡಿ. ಆಮೇಲೆ ನೋಡೋಣ."

"ಬ್ಯಾರೆ ಆಗ್ಬೇಕಾ?" ಅಂದಳು ಅಂಬುಜಮ್ಮ. "ಮಗನ್ನ ಬ್ಯಾರೆ ಮಾಡಿ ಅಕ್ಕಿ ತಕೊಂಡು ಉಣ್ಣನಾ?" ಅವಳ ಕಣ್ಣಲ್ಲಿ ನೀರು ಬಂತು. ಗುಮಾಸ್ತ ಮುಂದಿನವರನ್ನು ಕರೆದ.

ಹೊರಗೆ ಬೆಂಚಿನ ಮೇಲೆ ಕೂತು ಧನುಶ್ರೀ ಲಕೋಟೆಯೊಳಗಿನ ಹಾಳೆಗಳನ್ನು ತಿರುವಿದಳು. ಒಂದು ಕಡೆ ಬೆರಳು ನಿಲ್ಲಿಸಿದಳು. "ಅಮ್ಮ, ಚಿಕ್ಕಪ್ಪ ಟ್ಯಾಕ್ಸೇ ಕಟ್ಟಿಲ್ಲ."

"ಏನಂದೆ?"

"ಇಲ್ಲಿ ನೋಡು. ಕಟ್ಟಬೇಕಾದ ತೆರಿಗೆ ಸೊನ್ನೆ. ಹನ್ನೆರಡು ಲಕ್ಷದ ಒಳಗೆ ಇದ್ರೆ ಈಗ ಇಲ್ವಂತೆ, ನಮ್ ಮಿಸ್ ಹೇಳಿದ್ರು. ಸಂಬಳದಲ್ಲಿ ಹಿಡ್ದಿದ್ದೂ ವಾಪಸ್ ಬಂದೈತೆ."

ಮಮತಾ ಹಾಳೆಯನ್ನು ಕೈಗೆ ತೆಗೆದುಕೊಂಡು ಆ ಸೊನ್ನೆಯನ್ನು ನೋಡಿದಳು. ಬರೀ ಕಾಗದ ಸಲ್ಲಿಸಿದ್ದಕ್ಕೆ ಇವನು ದೊಡ್ಡ ಮನುಷ್ಯ. ಇವನ ದೊಡ್ಡತನಕ್ಕೆ ಮನೆಯ ಅಕ್ಕಿ ಹೋಯಿತು, ಮುದುಕಿಯ ಎರಡು ಸಾವಿರ ಹೋಯಿತು. ಅದರ ಮೇಲೆ ದಿನಾ ಅವನ ಕೈಲಿ ಹಂಗಿನ ಮಾತು ಬೇರೆ ಕೇಳಬೇಕು.

ಮನೆಗೆ ಹೋದ ಕೂಡಲೇ ಇದನ್ನು ಅವನ ಮುಖಕ್ಕೆ ಹಿಡಿಯಬೇಕೆಂದುಕೊಂಡಿದ್ದಳು. ಆಗಲಿಲ್ಲ. ಹುಳ ಒಂದು ದಿನ ಮೊದಲೇ ಹಣ್ಣಾಗಿದ್ದವು. ಗುರುವಾರ ಸಂಜೆಯಿಂದ ಶುಕ್ರವಾರ ಪೂರ್ತಿ, ಕಾರ್ಖಾನೆಗೆ ಹೋಗಿದ್ದ ಅನಂತರಾಜುವನ್ನು ಬಿಟ್ಟು, ಮನೆಮಂದಿಯೆಲ್ಲ ಶೆಡ್ಡಿನಲ್ಲಿ ಕೂತು ಹಣ್ಣು ಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಆ ಎರಡು ದಿನ ಲೋಕೇಶ್ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬೆಳೆಯ ಚಿಂತೆ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಗಾಡಿ ಹತ್ತಿದಾಗ ಯಾರೂ ಜಾಗ ಬಿಡಲಿಲ್ಲ. ಲೈನಿನಲ್ಲಿ ಯಾಸ್ಮಿನ್ ಅವಳತ್ತ ತಿರುಗಲಿಲ್ಲ. ಟೀ ಬಿಡುವಿನಲ್ಲಿ ಮಮತಾ ಹತ್ತಿರ ಹೋಗಿ ನಿಂತಳು.

"ಏನಾಯ್ತು ಯಾಸ್ಮಿನ್?"

"ಏನಿಲ್ಲ ಬಿಡಕ್ಕ. ನಿಮ್ಮದು ದೊಡ್ಡ ಮನೆ, ನಿಮ್ಮೊಳಗೇ ಮಾತಾಡ್ಕೊಂಡ್ರಿ. ನಮಗೊಂದು ಮಾತು ಹೇಳಿದ್ರೆ ಆಗ್ತಿತ್ತು."

"ನೇರವಾಗಿ ಹೇಳು."

ಮಾಯಮ್ಮ ಹಿಂದಿನಿಂದ ಅಂದಳು. "ಮೊದಲ್ನೇ ಸೈನೇ ನಿಂದು ಕಣವ್ವ. ನೀನೇ ಹಾಕ್ಬುಟ್ಟಿದ್ದೀಯ ಅಂತ ತಂದು ತೋರ್ಸಿದ್ರು. ಇನ್ಯಾಕೆ ಅಂತ ನಾವೂ ಹಾಕುದ್ವಿ. ಎಲ್ರೂ ಹಾಕವ್ರೆ."

ಯಾಸ್ಮಿನ್ ತನ್ನ ಫೋನ್ ತೆಗೆದು, ಹಾಳೆಯ ಫೋಟೊ ದೊಡ್ಡದು ಮಾಡಿ ಮಮತಾಳ ಮುಂದೆ ಹಿಡಿದಳು. ಒಂದನೇ ಗೆರೆಯಲ್ಲಿ ಮಮತಾ ಲೋಕೇಶ್ ಎಂದು ದುಂಡಗೆ ಬರೆದಿತ್ತು. ಮಮತಾ ಸಹಿ ಹಾಕುವುದು ಬರೀ ಮಮತ ಎಲ್ ಎಂದು. ಆದರೆ ಆ ಅಕ್ಷರ ಅವಳಿಗೆ ಗೊತ್ತಿತ್ತು. ದೀರ್ಘದ ಬಾಲವನ್ನು ಹೀಗೆ ಒಳಕ್ಕೆ ಸುತ್ತಿಸಿ ಬರೆಯುವವನು ರಾಮನಗರದ ಗೂಡಿನ ಮಾರುಕಟ್ಟೆಯ ಚೀಟಿಯ ಮೇಲೂ ಹಾಗೆಯೇ ಬರೆಯುತ್ತಿದ್ದ.

ಅವಳು ನೆಟ್ಟಗೆ ಮ್ಯಾನೇಜರ್ ಮೇಜಿನ ಹತ್ತಿರ ಹೋದಳು. "ಆ ಸಹಿ ನಂದಲ್ಲ."

"ಇಲ್ಲಿ ಬ್ಯಾಡ," ಅಂದ ಅನಂತರಾಜು ಮೆತ್ತಗೆ. "ಮನೇಲಿ ಮಾತಾಡನ ಅತ್ತಿಗೆ."

"ಇಲ್ಲಿ ಅತ್ತಿಗೆ ಆದ್ನಾ ಇವತ್ತು?"

ಅವಳು ವಾಪಸು ಬಂದು ಲೈನಿನ ಮಧ್ಯೆ ನಿಂತು, ಮಿಷನ್‌ಗಳ ಸದ್ದಿಗಿಂತ ಮೇಲೆ ಕೇಳುವ ಹಾಗೆ ಹೇಳಿದಳು. "ಆ ಸಹಿ ನನ್ನ ಕೈಯಿಂದ ಆಗಿಲ್ಲ. ಯಾರು ಮಾಡಿದ್ದು ಅಂತ ನಾಳಿದ್ದು ಹೇಳ್ತೀನಿ." ಮತ್ತೆ ಕೂತು ಸಂಜೆಯವರೆಗೆ ಕಾಲರ್ ಹೊಲಿದಳು. ಅವತ್ತು ಅವಳ ಕೈಯಲ್ಲಿ ಎರಡು ಸೂಜಿ ಮುರಿದವು.

ಮನೆಗೆ ಬಂದಾಗ ಲೋಕೇಶ್ ಶೆಡ್ಡಿನ ಮುಂದೆ ಸೊಪ್ಪಿನ ಕಡ್ಡಿ ರಾಶಿ ಹಾಕುತ್ತಿದ್ದ. ಅವಳು ಬ್ಯಾಗನ್ನೂ ಇಳಿಸಲಿಲ್ಲ.

"ನನ್ನ ಹೆಸರು ಯಾಕೆ ಬರ್ದೆ?"

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಲೋಕೇಶ್ ಕೈಯಲ್ಲಿದ್ದ ಕಡ್ಡಿ ಕೆಳಗೆ ಹಾಕಿದ.

"ಅನಂತ ಬುಧವಾರ ಇಲ್ಲಿಗೆ ಬಂದಿದ್ದ. ಮನೆ ಒಳಗಿನ ಮಾತು ಅಣ್ಣ, ಅತ್ತಿಗೆ ಹಟಕ್ಕೆ ಬಿದ್ದವ್ರೆ, ಹೆಂಗಿದ್ರೂ ಕೊನೆಗೆ ಹಾಕೇ ಹಾಕ್ತಾರೆ ಅಂದ."

"ಆಮೇಲೆ?"

"ಶೆಡ್ಡಿಗೆ ಹೊಸ ಶೀಟು ಹಾಕಿಸ್ಕೊಡ್ತೀನಿ ಅಂದ."

"ಮೂವತ್ತೆಂಟು ಹೆಂಗಸರ ಒಂದು ವರ್ಷದ ದುಡ್ಡು. ಅದನ್ನ ಒಂದು ಶೀಟಿಗೆ ಮಾರ್ದೆ. ಅದೂ ನನ್ನ ಹೆಸರು ಹಾಕಿ."

"ನನಗೆ ಅಷ್ಟೆಲ್ಲ ಗೊತ್ತಾಗ್ಲಿಲ್ಲ ಕಣೇ."

"ಓದೋಕೆ ಬರಲ್ವಾ ನಿನಗೆ? ಮೇಲೆ ಏನು ಬರ್ದೈತೆ ಅಂತ ನೋಡ್ದೆ ಕೆಳಗೆ ಹೆಂಡ್ತಿ ಹೆಸರು ಗೀಚಿದ್ಯಾ?"

ಮಾತು ಜೋರಾಗಿ ಅತ್ತೆ ಮಾವ ಹೊರಗೆ ಬಂದರು. ಕಾರು ಬಂದು ನಿಂತಿತು, ಅನಂತರಾಜು ಇಳಿದ. ಮಮತಾ ಅವನತ್ತ ತಿರುಗಿದಳು.

"ಸೋಮವಾರ ಬರ್ಕೊಡ್ತೀನಿ. ಸಹಿ ನಂದಲ್ಲ, ಹಾಕಿದ್ದು ನನ್ನ ಗಂಡ, ಹಾಕ್ಸಿದ್ದು ಮ್ಯಾನೇಜರ್ ಅಂತ. ರಾಮನಗರದ ಲೇಬರ್ ಆಫೀಸಿಗೂ ಕೊಡ್ತೀನಿ."

"ಅತ್ತಿಗೆ, ನನ್ನ ಕೆಲಸ ಹೋಯ್ತದೆ."

"ಹೋಗ್ಲಿ."

"ಅಣ್ಣನ್ನ ಪೋಲೀಸು ಕರೀತಾರೆ."

"ಕರೀಲಿ."

ಬೋರಲಿಂಗಯ್ಯ ಜಗಲಿಯ ಕಂಬ ಹಿಡಿದು ನಿಂತಿದ್ದ. "ತಾಯಿ, ಮನೆ ಮರ್ಯಾದೆ ಐತೆ. ಅನಂತಂಗೆ ಹೆಣ್ಣು ನೋಡ್ತಾ ಇದ್ದೀವಿ. ಊರ ಮುಂದೆ ಅಣ್ಣತಮ್ಮಂದಿರ ಹೆಸರು ಕೆಡಿಸ್ಬ್ಯಾಡ."

"ನನ್ನ ಹೆಸರು ಕೆಟ್ಟೈತಲ್ಲ ಮಾವ, ಅದಕ್ಕೆ ಏನು ಹೇಳ್ತೀರಿ? ಗಾಡೀಲಿ ಒಬ್ಬರೂ ಜಾಗ ಬುಡ್ಲಿಲ್ಲ ಇವತ್ತು. ಹದಿನಾಲ್ಕು ವರ್ಷ ಜೊತೇಲಿ ಕೂತು ಉಂಡೋರು."

"ನಾನು ಈ ಮನೆಗೆ ಏನೂ ಮಾಡೇ ಇಲ್ವಾ?" ಅಂದ ಅನಂತರಾಜು. "ಟ್ಯಾಕ್ಸ್ ಕಟ್ಟಿ, ಲೋನ್ ಕಟ್ಟಿ..."

"ನೀನು ಕಟ್ಟಿದ ಟ್ಯಾಕ್ಸು ಸೊನ್ನೆ ಕಣಪ್ಪ. ನಿನ್ನ ಲಕೋಟೇಲೇ ಐತೆ, ನಿನ್ನ ಅಣ್ಣನ ಮಗಳು ಓದವ್ಳೆ. ನಿನ್ನ ಫೀಸು ಕಟ್ಟಿದ್ದು ನಾನು. ಇದುವರೆಗೂ ಬಾಯಿ ಬುಟ್ಟು ಹೇಳಿರ್ಲಿಲ್ಲ. ಇವತ್ತು ಹೇಳ್ತಾ ಇದ್ದೀನಿ."

ಅಂಬುಜಮ್ಮ ಮಗನ ಮುಖ ನೋಡಿದಳು. ಅವನು ಇಲ್ಲ ಎನ್ನಲಿ ಎಂದು ಕಾದಂತಿತ್ತು. ಅವನು ಮಹಡಿ ಹತ್ತಿದ.

ಆ ಭಾನುವಾರ ಮಮತಾ ಅಡುಗೆ ಮಾಡಿ ಮುಚ್ಚಿಟ್ಟಳು, ಯಾರಿಗೂ ಬಡಿಸಲಿಲ್ಲ. ಧನುಶ್ರೀಯನ್ನು ಕೂರಿಸಿಕೊಂಡು ಅರ್ಜಿ ಬರೆಸಿದಳು. ಮಧ್ಯಾಹ್ನ ಲೋಕೇಶ್ ಬಂದು ಬಾಗಿಲಲ್ಲಿ ನಿಂತ.

"ನಾನೇ ಬಂದು ಹೇಳ್ತೀನಿ," ಅಂದ. "ಎಲ್ಲಿ ಹೇಳ್ಬೇಕೋ ಅಲ್ಲಿ."

ಮಮತಾ ಅವನ ಕಡೆ ನೋಡದೆ, "ಅಲ್ಲೂ ಬಾಯಿ ಬುಡು ಮತ್ತೆ," ಅಂದಳು.

ಸೋಮವಾರ ಗಾಡಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಗಂಡನ ಹೆಸರನ್ನೂ ಮುಚ್ಚಿಡಲಿಲ್ಲ. ಯಾಸ್ಮಿನ್ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವತ್ತು ಟೀ ಬಿಡುವಿನ ನಂತರ ನಾಲ್ಕನೇ ಲೈನು ಮಿಷನ್ ಹಾಕಲಿಲ್ಲ. ಊಟದ ಹೊತ್ತಿಗೆ ಐದನೆಯದೂ ಆರನೆಯದೂ ನಿಂತಿತು. ಮೂವತ್ತೆಂಟು ಹೆಂಗಸರೂ ತಮ್ಮ ತಮ್ಮ ಕೈಯಾರೆ ಅರ್ಜಿಗೆ ಸಹಿ ಹಾಕಿದರು. ಬರೆಯಲು ಬಾರದ ಮಾಯಮ್ಮ ಹೆಬ್ಬೆಟ್ಟೊತ್ತಿ, ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ಕೇಳಿದಳು. ಮೂರನೇ ದಿನ ಮ್ಯಾನೇಜ್‌ಮೆಂಟ್ ಕೋಡಿಹಳ್ಳಿಯ ಗಾಡಿ ನಿಲ್ಲಿಸಿತು. ಹೆಂಗಸರು ಸರ್ಕಾರಿ ಬಸ್ಸಿಗೆ ಹತ್ತಿ, ತಡವಾಗಿ ಬಂದು, ಸಂಬಳ ಕಡಿತ ಮಾಡಿಸಿಕೊಂಡು ಕೂತರು. ಅರ್ಜಿ ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಎರಡು ವಾರದ ಮೇಲೆ ರಾಮನಗರದ ಲೇಬರ್ ಆಫೀಸಿನಲ್ಲಿ ವಿಚಾರಣೆ. ಒಂದು ಕಡೆ ಮಮತಾ, ಯಾಸ್ಮಿನ್, ಮಾಯಮ್ಮ, ಅವರ ಹಿಂದೆ ಲೋಕೇಶ್. ಇನ್ನೊಂದು ಕಡೆ ಕಂಪನಿಯ ವಕೀಲರು, ಅವರ ಪಕ್ಕ ಇಸ್ತ್ರಿ ಅಂಗಿಯಲ್ಲಿ ಅನಂತರಾಜು. ಅಧಿಕಾರಿ ಹಾಳೆ ತೋರಿಸಿ ಲೋಕೇಶನನ್ನು ಕೇಳಿದರು.

"ಇದು ಯಾರ ಕೈಬರಹ?"

"ನಂದೇ ಸ್ವಾಮಿ. ಹೆಂಡ್ತಿಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ಯಾರು ಹಾಕಿಸಿದ್ದು?"

ಲೋಕೇಶ್ ತಮ್ಮನನ್ನು ನೋಡಿದ. "ಅವನು. ನನ್ನ ತಮ್ಮ."

ಕಂಪನಿಯ ವಕೀಲರು ತಕ್ಷಣ ಎದ್ದರು. "ಸರ್, ಇದು ಪೂರ್ತಿ ಈ ಮ್ಯಾನೇಜರ್ ವೈಯಕ್ತಿಕವಾಗಿ ಮಾಡಿರೋದು. ಕಂಪನಿಗೆ ಗೊತ್ತೇ ಇಲ್ಲ. ಇವತ್ತೇ ಕೆಲಸದಿಂದ ತೆಗೀತೀವಿ. ಡಿಎ ಈ ತಿಂಗಳಿಂದಲೇ ಕೊಡ್ತೀವಿ. ಬಾಕಿ ವಿಷಯ ಮುಂದಿನ ತಾರೀಕಿಗೆ ಮಾತಾಡೋಣ."

ಅನಂತರಾಜು ವಕೀಲರತ್ತ ಬಾಯಿ ತೆರೆದು ನೋಡಿದ. ಅವರು ತಮ್ಮ ಕಡತವನ್ನು ಅವನ ಕಡೆಯಿಂದ ಈಚೆಗೆ ಎಳೆದುಕೊಂಡರು. ಅದನ್ನು ನೋಡಿದ ಮಮತಾಳಿಗೆ ಖುಷಿಯಾಗಬೇಕಾಗಿತ್ತು. ಆಗಲಿಲ್ಲ. ಇಷ್ಟು ದಿನ ಮೈದುನನ ಮೇಲಿದ್ದ ಸಿಟ್ಟು ಈಗ ಎರಡು ಮೆಟ್ಟಿಲು ಮೇಲಕ್ಕೆ ಹೋಗಿ ನಿಂತಿತು. ಅಲ್ಲಿ ಯಾರಿದ್ದರೋ ಅವರು ಆ ಕೋಣೆಗೆ ಬಂದೇ ಇರಲಿಲ್ಲ.

ಹದಿನೈದು ದಿನ ಅನಂತರಾಜು ಮಹಡಿಯಿಂದ ಇಳಿಯಲಿಲ್ಲ. ಅಂಬುಜಮ್ಮ ತಟ್ಟೆ ಮೇಲಕ್ಕೆ ಒಯ್ದು ಕೊಡುತ್ತಿದ್ದಳು. ಕಾರಿನ ಕಂತು ತಪ್ಪಿತು. ಹೆಣ್ಣಿನ ಕಡೆಯವರು ಫೋನ್ ಎತ್ತುವುದನ್ನು ಬಿಟ್ಟರು. ಅಂಬುಜಮ್ಮ ಮತ್ತೊಮ್ಮೆ ತಾಲ್ಲೂಕು ಕಚೇರಿಗೆ ಹೋಗಿ, ಮಗನ ಕೆಲಸ ಹೋಗೈತೆ, ಈಗಲಾದರೂ ಕಾರ್ಡು ಕೊಡಿ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಅವನು ಇನ್ನೂ ತೆರಿಗೆದಾರನೇ ಆಗಿದ್ದ. ಅವನ ಎರಡು ಸಾವಿರವೂ ಇಲ್ಲ, ಸರ್ಕಾರದ ಎರಡು ಸಾವಿರವೂ ಇಲ್ಲ. ಮನೆ ನಡೆಯುತ್ತಿದ್ದುದು ಮಮತಾಳ ಸಂಬಳ ಮತ್ತು ಆ ಸಲದ ಗೂಡಿನ ದುಡ್ಡಿನಲ್ಲಿ.

"ನಿನ್ನ ಕಣ್ಣು ತಣ್ಣಗಾಯ್ತಾ?" ಅಂದಳು ಅಂಬುಜಮ್ಮ ಒಂದು ಭಾನುವಾರ, ಮೇಲಕ್ಕೆ ಒಯ್ಯಲು ತಟ್ಟೆ ಹಿಡಿದು. "ನನ್ನ ಮಗನ ಅನ್ನ ಕಿತ್ತೆ."

"ಅವನ ಅನ್ನ ಕಿತ್ತೋರು ಬ್ಯಾರೆ ಅವ್ರೆ ಅತ್ತೆ. ಆ ತಟ್ಟೆ ಕೊಡಿ ಇಲ್ಲಿ. ಕೆಳಗೆ ಬಂದು ಉಣ್ಲಿ ಅವನು."

ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕರೆದಳು. ಒಂದು ಸಲಕ್ಕೆ ಬರಲಿಲ್ಲ. ಎರಡನೇ ಸಲಕ್ಕೆ ಇಳಿದ. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿದ್ದವು. ಲೋಕೇಶ್ ಉಣ್ಣುತ್ತಿದ್ದವನು ಜಾಗ ಬಿಟ್ಟು ಸರಿದ. ಮಮತಾ ಮುದ್ದೆ ಇಟ್ಟಳು, ಅವರೆಕಾಳಿನ ಸಾರು ಬಿಟ್ಟಳು.

"ಬುಧವಾರ ಮುಂದಿನ ತಾರೀಕು," ಅಂದಳು. "ಬಾಕಿ ಕೊಡಲ್ಲ ಅಂತಾವ್ರೆ. ಮ್ಯಾನೇಜರ್ ಒಬ್ಬನದೇ ತಪ್ಪು, ಅವನು ಹೋದ, ಕಥೆ ಮುಗೀತು ಅಂತ ವಕೀಲ ಹೇಳ್ತಾ ಅವ್ನೆ."

ಅನಂತರಾಜು ಮುದ್ದೆಯನ್ನು ಮುಟ್ಟದೆ ಕೂತಿದ್ದ. ಆಮೇಲೆ ತಲೆ ತಗ್ಗಿಸಿಯೇ ಹೇಳಿದ. "ಶುಕ್ರವಾರದೊಳಗೆ ಹೆಂಗಾದ್ರೂ ಮಾಡಿ ಮೂವತ್ತೆಂಟೂ ತಕೊಂಬಾ, ಇಲ್ದಿದ್ರೆ ಸೋಮವಾರ ನೀನೇ ಬರ್ಬ್ಯಾಡ ಅಂದಿದ್ರು ನನ್ನ ಮೇಲಿರೋ ಜಿಎಮ್ಮು. ಗಾಜಿನ ರೂಮಲ್ಲಿ ಕೂರ್ಸ್ಕೊಂಡು, ಕಾಫಿ ಕೊಟ್ಟು ಹೇಳಿದ್ರು. ಮೆಸೇಜೂ ಐತೆ ಫೋನಲ್ಲಿ."

"ಇದನ್ನ ಅವತ್ತು ಆ ಕೋಣೇಲಿ ಯಾಕೆ ಹೇಳ್ಲಿಲ್ಲ?"

"ನನ್ನ ಉಳಿಸ್ಕೊತಾರೆ ಅನ್ಕೊಂಡಿದ್ದೆ."

ಬೋರಲಿಂಗಯ್ಯ ಕೆಮ್ಮಿದ. ಅಂಬುಜಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ಮಮತಾಳಿಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಹುಟ್ಟಿದ್ದರೂ ಅವಳು ಅದನ್ನು ಆ ಹೊತ್ತಿಗೆ ಬೇಡವೆನ್ನುತ್ತಿದ್ದಳು. ಧನುಶ್ರೀಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದು ಅವನ ತಟ್ಟೆಯ ಪಕ್ಕ ಇಟ್ಟಳು, ಅದರ ಮೇಲೆ ಪೆನ್ನು.

"ಅವ್ರು ನನ್ನ ಎಲ್ಲೂ ಕೆಲಸಕ್ಕೆ ಸೇರಿಸ್ದಂಗೆ ಮಾಡ್ತಾರೆ ಅತ್ತಿಗೆ."

"ಈಗ ಮಾತ್ರ ಸೇರ್ಸಿದ್ದಾರಾ? ಉಣ್ಣು ಮೊದಲು. ಉಂಡು ಬರಿ."

ಅವನು ನಿಧಾನಕ್ಕೆ ಉಂಡ. ಯಾರೂ ಎದ್ದು ಹೋಗಲಿಲ್ಲ. ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಪೆನ್ನು ತೆಗೆದುಕೊಂಡ. ಹಾಳೆಯ ಮೇಲೆ ಬಗ್ಗಿದ.

"ಏನಂತ ಶುರು ಮಾಡ್ಲಿ?" ಅಂದ.

"ಕಾಫಿ ಕೊಟ್ಟರಲ್ಲ," ಅಂದಳು ಮಮತಾ, "ಅವರ ಹೆಸರಿಂದ ಶುರು ಮಾಡು."